ಒಂದು ಬಿಲ್ಲು, ಎರಡು ತೂಕದ ಬಾಣ

ನನ್ನ ಗಂಡ ಆಟ್ಲಿ ಬಾಣ ಆರಿಸುವ ಚೆಂದ ನೋಡಿದರೆ, ಇವನು ನನ್ನನ್ನು ಹೇಗೆ ಆರಿಸಿದನೋ ಎಂದು ಗಾಬರಿಯಾಗುತ್ತದೆ. ಯೂರಾನ ಅಂಗಡಿಗೆ ಕಾಲಿಟ್ಟ, ಡಬ್ಬಿಯ ಮೇಲಿನ ಅಂಕಿ ಓದಿದ, "ಇದೇ" ಅಂದ. ಅಷ್ಟೇ.

"ನಾನೂರು ಗ್ರೇನ್ ತೂಕ, ಸಲೋಮಾ. ನಮ್ಮ ಬಿಲ್ಲು ತಾಳೋದ್ರಲ್ಲಿ ಇದೇ ಹಗುರ. ಬಿಟ್ರೆ ಕಣ್ಣಿಗೂ ಕಾಣಲ್ಲ."

"ಕಾಣದೇ ಇರೋದಕ್ಕೇ ಹೋದ ವರ್ಷ ನೀನು ಮೂರನ್ನ ಕಳ್ಕೊಂಡು ಬಂದೆ."

ಯೂರಾ ಆಟ್ಲಿಯ ಚಿಕ್ಕಪ್ಪನ ಮಗ. ಕುದುರೆ ಲಾಯದ ಪಕ್ಕದ ಕೊಟ್ಟಿಗೆಯೇ ಅವನ ಅಂಗಡಿ. ಹಳೆಯ ಕಾಲದ ರೀತಿಯಲ್ಲೇ ಬದುಕುವ ನಮ್ಮ ಆಮಿಶ್ ಪಂಗಡದ ಜನ ಮನೆಗೆ ಕರೆಂಟು ಎಳೆಸುವುದಿಲ್ಲವಾದ್ದರಿಂದ ಮಾಡಿನ ಗಾಜಿನಿಂದ ಬಿದ್ದ ಬೆಳಕೇ ಅಲ್ಲಿಗೆ ದೀಪ. ಕೋವಿಯಂತೆ ಹಿಡಿದು ಬಾಣ ಬಿಡುವ ಅಡ್ಡಬಿಲ್ಲಿನ ವಿಷಯದಲ್ಲಿ ಹೋಮ್ಸ್ ಕೌಂಟಿಯ ಅರ್ಧ ಜನ ಅವನ ಮಾತು ಕೇಳುತ್ತಾರೆ. ಇನ್ನರ್ಧ ಕೇಳಿದಂತೆ ನಟಿಸುತ್ತಾರೆ. ಆಟ್ಲಿ ಎರಡನೇ ಗುಂಪಿನವನು.

"ಅತ್ತಿಗೆ, ನಿಮಗ್ಯಾವುದು?" ಎಂದ ಯೂರಾ.

"ನಾನೂರ ಎಂಬತ್ತರದ್ದು ತೆಗಿ. ಡಬ್ಬಿ ಬೇಡ, ಬಿಡಿಯಾಗಿ ಕೊಡು."

ಹನ್ನೆರಡು ಬಾಣ ಹರಡಿದ. ನಾನು ಒಂದೊಂದನ್ನೂ ಅವನ ಮೇಜಿನ ಗಾಜಿನ ಮೇಲೆ ಉರುಳಿಸಿದೆ. ನೆಟ್ಟಗಿರುವುದು ಸದ್ದಿಲ್ಲದೆ ಉರುಳುತ್ತದೆ, ಸೊಟ್ಟಗಿರುವುದು ಟಕಟಕ ಎನ್ನುತ್ತದೆ. ಎರಡು ಟಕಟಕ ಎಂದವು, ಆಚೆಗಿಟ್ಟೆ. ಉಳಿದವನ್ನು ತಕ್ಕಡಿಗೆ ಹಾಕಿಸಿದೆ. ಆಮೇಲೆ ಬೆರಳು ಸವರಿ ಬಾಣದ ಕಾರ್ಬನ್ ಕಡ್ಡಿಯಲ್ಲಿ ಕೂದಲೆಳೆಯಷ್ಟು ಬಿರುಕಿದೆಯೇ ನೋಡಿದೆ. ಬಿರುಕಿದ್ದರೆ ಬಿಡುವಾಗಲೇ ಸಿಡಿದು ಕೈಗೆ ಚುಚ್ಚುತ್ತದೆ. ಕೊನೆಗೆ ಒಂದೇ ತೂಕದ ಮೂರು ಸಿಕ್ಕವು.

"ಮೂರು ಬಾಣಕ್ಕೆ ಮುಕ್ಕಾಲು ಗಂಟೆ," ಎಂದ ಆಟ್ಲಿ. "ಅಷ್ಟರಲ್ಲಿ ಜಿಂಕೆಗೆ ಮೊಮ್ಮಕ್ಕಳಾಗಿರುತ್ತೆ."

"ಆಗ್ಲಿ ಬಿಡು. ಹಗುರದ್ದು ಬಿಟ್ಟಾಗ ಬಿಲ್ಲು ಎಷ್ಟು ಸದ್ದು ಮಾಡುತ್ತೆ ಗೊತ್ತಾ? ಬಾಣ ತಲುಪೋ ಮೊದ್ಲೇ ಆ ಮೊಮ್ಮಕ್ಕಳೂ ಓಡಿರ್ತವೆ."

ಯೂರಾ ನಕ್ಕ. ಆಟ್ಲಿ ತನ್ನ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟ.

ನಾನು ಇಷ್ಟು ಹಟ ಹಿಡಿದದ್ದಕ್ಕೆ ಕಾರಣವಿತ್ತು. ನಮ್ಮಪ್ಪ ಇಮ್ಯಾನುಯೆಲ್‌ನ ಕಾಡಿನಲ್ಲಿ ಮೆಕ್ಕೆಜೋಳದ ಹೊಲದ ಮೂಲೆಗೆ ಮರದ ಮೇಲೆ ಒಂದು ಅಟ್ಟಣೆ ಇದೆ. ಬೇಟೆ ಶುರುವಾಗುವ ದಿನ ಅಲ್ಲಿ ಕೂತವರು ಬರಿಗೈಲಿ ಬಂದದ್ದು ಕಡಿಮೆ. ಆ ಮೊದಲ ದಿನ ಯಾರಿಗೆ ಎನ್ನುವುದಕ್ಕೆ ಅಪ್ಪ ಒಂದು ಕಟ್ಟಳೆ ಮಾಡಿದ್ದಾನೆ. ವಾರ ಮುಂಚೆ ಹುಲ್ಲಿನ ಪಿಂಡಿಗೆ ಮೂರು ಕಾಗದ ಚುಚ್ಚುತ್ತಾನೆ. ಒಂದೊಂದರ ಮೇಲೂ ಕಾಫಿ ಲೋಟ ಬೋರಲಿಟ್ಟು ಬರೆದ ಒಂದು ಸುತ್ತು. ಮೂವತ್ತು ಹೆಜ್ಜೆ ದೂರ, ಮೂರು ಬಾಣ, ಎರಡಾದರೂ ಸುತ್ತಿನೊಳಗೆ ಬೀಳಬೇಕು; ಇಬ್ಬರಿಗೂ ಬಿದ್ದರೆ ಹೆಚ್ಚು ಬಿದ್ದವರಿಗೆ ಅಟ್ಟಣೆ. ಒಂದೇ ಕಾಗದಕ್ಕೆ ಮೂರೂ ಬಿಡುವಂತಿಲ್ಲ, ಒಂದರ ಬಾಲವನ್ನು ಇನ್ನೊಂದು ಸೀಳುತ್ತದೆ.

ಮೂವತ್ತು ವರ್ಷದಿಂದ ಆ ಅಟ್ಟಣೆಯ ಮೊದಲ ದಿನ ಗಂಡಸರಿಗೇ ಹೋಗಿದೆ. ನನಗೆ ಒಂದು ವರ್ಷ ಬಸಿರು, ಒಂದು ವರ್ಷ ಬಾಣಂತನ, ಒಂದು ವರ್ಷ ಮಕ್ಕಳಿಗೆ ಜ್ವರ. ಅವರು ಹೊಡೆದು ತಂದದ್ದನ್ನು ಕೊಯ್ದು ಬೇಯಿಸಿ ಜಾಡಿಗೆ ತುಂಬಿದ್ದೇ ಬಂತು. ಈ ವಸಂತದಲ್ಲಿ ಕೊನೆಯವಳ ಮದುವೆಯಾಯಿತು. ಈ ಸಲ ನನಗೆ ಆ ಅಟ್ಟಣೆ ಬೇಕಿತ್ತು, ಹೊಟ್ಟೆಯೊಳಗಿಂದ ಬೇಕಿತ್ತು.

ತೊಂದರೆಯೆಂದರೆ ನಮ್ಮಿಬ್ಬರಿಗೂ ಸೇರಿ ಇರುವುದು ಒಂದೇ ಬಿಲ್ಲು. ಅದರ ಮೇಲಿನ ದುರ್ಬೀನನ್ನು ಒಂದು ತೂಕಕ್ಕೆ ಹೊಂದಿಸಿದರೆ ಇನ್ನೊಂದು ತೂಕದ ಬಾಣ ತಪ್ಪುತ್ತದೆ. ಬುಧವಾರ ಆಟ್ಲಿ ತನ್ನ ಹಗುರದ ಬಾಣಗಳಿಗೇ ಹೊಂದಿಸಿದ, ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಗುರುವಾರ ಅವನು ಗಾಡಿಯ ಚಕ್ರ ರಿಪೇರಿಗೆ ಹೋದಾಗ ಹಿತ್ತಲಲ್ಲಿ ನನ್ನ ಭಾರದ ಬಾಣಗಳನ್ನು ಬಿಟ್ಟು ನೋಡಿದೆ. ಪ್ರತಿಯೊಂದೂ ಎರಡು ಬೆರಳು ಕೆಳಗೆ ಬಿತ್ತು. ಎರಡು ಬೆರಳು ಮೇಲೆ ಗುರಿಯಿಟ್ಟರಾಯಿತು ಎಂದುಕೊಂಡು ಬಾಯಿ ಮುಚ್ಚಿಕೊಂಡಿದ್ದೆ.

ಶನಿವಾರ ಅಪ್ಪನ ಹಿತ್ತಲಲ್ಲಿ ಕಡ್ಡಿ ಎತ್ತಿದೆವು. ಮೊದಲ ಸರದಿ ನನ್ನದು. ಮೇಜಿನ ಮೇಲೆ ಬಿಲ್ಲು ಊರಿ, ಉಸಿರು ಬಿಟ್ಟು, ಎರಡು ಬೆರಳು ಮೇಲೆ ಗುರಿಯಿಟ್ಟು ಬಿಟ್ಟೆ.

ಬಾಣ ಸುತ್ತಿನ ನಡುವಿನಿಂದ ಎರಡು ಬೆರಳು ಮೇಲೆ, ಗೆರೆಯ ಆಚೆ ನಾಟಿಕೊಂಡಿತು.

"ಮಗಳೇ, ಕಾಫಿ ಲೋಟ ಅಂದೆ, ಅದರ ಹಬೆ ಅಲ್ಲ," ಎಂದ ಅಪ್ಪ.

ಇನ್ನು ಎರಡೇ ಬಾಣ, ಎರಡೂ ಬೀಳಲೇಬೇಕು. ಗುರಿಯಿಟ್ಟಲ್ಲಿಗೇ ನೆಟ್ಟಗೆ ಹೋಗಿದೆಯಲ್ಲ, ಇದು ಹೇಗೆ? ಆಟ್ಲಿಯ ಕಡೆ ನೋಡಿದೆ. ಅವನು ಟೋಪಿ ತೆಗೆದು ಅದರ ಒಳಗೆ ಏನೋ ಹುಡುಕುತ್ತಿದ್ದ. ದುರ್ಬೀನನ್ನು ಯಾರೋ ಮುಟ್ಟಿದ್ದಾರೆ ಎಂದು ಆಗ ಹೊಳೆಯಿತು. ಉಳಿದೆರಡನ್ನೂ ಸುತ್ತಿನ ನಡುವಿಗೇ ಗುರಿಯಿಟ್ಟು ಬಿಟ್ಟೆ. ಎರಡೂ ಒಳಗೆ ಬಿದ್ದವು.

ಆಮೇಲೆ ಆಟ್ಲಿ ಬಿಟ್ಟ. ಮೂರಕ್ಕೆ ಮೂರೂ ಸುತ್ತಿನ ಗೆರೆ ದಾಟಿ ಮೇಲಕ್ಕೆ ಹೋಗಿ ನಿಂತವು.

"ಅಳಿಯಂದಿರೇ, ನಾನು ಅಟ್ಟಣೆ ಕಟ್ಟಿಸಿದ್ದು ಜಿಂಕೆ ಹೊಡೆಯೋಕೆ. ನೀವು ಕೊಕ್ಕರೆ ಹೊಡೆಯೋಕೆ ಹೊರಟಿದ್ದೀರಿ," ಎಂದ ಅಪ್ಪ.

"ಗಾಳಿ, ಮಾವ."

"ಎಲ್ಲಿಯ ಗಾಳಿ? ನನ್ನ ಗಡ್ಡ ಅಲ್ಲಾಡ್ಲಿಲ್ಲ."

ಮೂರೂ ಸಮನಾಗಿ, ಎರಡೆರಡು ಬೆರಳು ಮೇಲೆ. ಗುರಿ ತಪ್ಪುವವನು ಇಷ್ಟು ಅಚ್ಚುಕಟ್ಟಾಗಿ ತಪ್ಪುವುದಿಲ್ಲ. ಕುದುರೆಗಾಡಿ ಅಪ್ಪನ ಗೇಟು ದಾಟುವವರೆಗೆ ತಡೆದುಕೊಂಡೆ.

"ದುರ್ಬೀನಿನ ತಿರುಪು ಯಾವಾಗ ತಿರುಗಿಸಿದೆ?"

"ನಿನ್ನೆ. ನೀನು ಸೇಬು ಬೇಯಿಸ್ತಿದ್ದೆಯಲ್ಲ, ಆಗ. ನಿನ್ನ ಬಾಣಕ್ಕೆ ಸರಿ ಮಾಡಿದೆ."

"ಒಂದು ಮಾತು ಹೇಳೋಕೆ ಏನಾಗಿತ್ತು ನಿನಗೆ? ನಿನ್ನ ಉಪಕಾರದಿಂದ ಒಂದು ಬಾಣ ಹಾಳಾಯ್ತು. ಸ್ವಲ್ಪದ್ರಲ್ಲಿ ಅಟ್ಟಣೆ ಕೈತಪ್ತಿತ್ತು."

"ಹೇಳಿದ್ರೆ ಒಪ್ತಿದ್ದೆಯಾ?"

ಖಂಡಿತ ಒಪ್ಪುತ್ತಿರಲಿಲ್ಲ. ಜಗಳ ತೆಗೆದು ತಿರುಪನ್ನು ಹಿಂದಕ್ಕೆ ತಿರುಗಿಸಿಯೇ ಬಿಡುತ್ತಿದ್ದೆ. ಆದರೂ ಸೋಲಲು ಮನಸ್ಸಾಗಲಿಲ್ಲ.

"ನೀನು ಎರಡು ಬೆರಳು ಕೆಳಗೆ ಗುರಿಯಿಡಬಹುದಿತ್ತು. ಅಷ್ಟೂ ತಲೆ ಓಡಲ್ವಾ?"

"ಓಡುತ್ತೆ." ಆಟ್ಲಿ ಲಗಾಮು ಸಡಿಲಿಸಿದ. "ನೀನು ಹೊಡೆದದ್ದನ್ನ ಒಂದ್ಸಲ ನಾನು ಜಾಡಿಗೆ ತುಂಬಬೇಕು ಅಂತಿತ್ತು. ಮೂವತ್ತು ವರ್ಷ ಆಯ್ತಲ್ಲ."

ಈ ಮನುಷ್ಯನ ಮೇಲೆ ಇಷ್ಟೊಂದು ಪ್ರೀತಿ ಉಕ್ಕಿದ್ದು ಯಾವ ಕಾಲದಲ್ಲೋ.

"ಎಷ್ಟು ಹೊತ್ತು ಬೇಯಿಸ್ಬೇಕು ಗೊತ್ತಾ ನಿನಗೆ?" ಎಂದೆ.

"ಇಲ್ಲ. ನೀನು ಮರದ ಮೇಲಿರ್ತೀಯ, ಯಾರನ್ನ ಕೇಳ್ಲಿ? ಈಗ್ಲೇ ಹೇಳ್ಬಿಡು."

ಮನೆ ಬರುವವರೆಗೂ ಹೇಳುತ್ತಲೇ ಬಂದೆ. ಅವನು ಒಂದಕ್ಕೂ ಎದುರು ಹೇಳದೆ ಕೇಳಿಸಿಕೊಂಡ.