ಅಪ್ಪ ಬರೆದ ಹೂಬಯಲು

ಚಿತ್ರ ಕೈಗೆ ಬರುವ ಮೊದಲೇ ನಂಜನಗೂಡಿನ ವನಜಾಕ್ಷಿಗೆ ತಂಗಿಯ ಮೇಲೆ ಅನುಮಾನ ಶುರುವಾಗಿತ್ತು.

ಅವರ ಅಪ್ಪ ರಂಗನಾಯಕ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ನೂರು ವರ್ಷಕ್ಕೂ ಹಿಂದೆ ಫ್ರಾನ್ಸಿನಲ್ಲಿ ಚಿತ್ರಕಾರನೊಬ್ಬ ಬರೆದ ಹೂಬಯಲಿನ ಚಿತ್ರ ಅವರಿಗೆ ಯಾವುದೋ ಪುಸ್ತಕದಲ್ಲಿ ಸಿಕ್ಕಿತ್ತು. ಮುಂದೆ ನೇರಳೆ ಐರಿಸ್ ಹೂಗಳ ಸಾಲು, ಅದರಾಚೆ ಹಳದಿ ಬಯಲು, ದೂರದಲ್ಲಿ ಕೆಂಪು ಹೆಂಚಿನ ಊರು. ಒಂದು ಬೇಸಿಗೆ ರಜೆಯಿಡೀ ಕೂತು ಅವರು ಅದನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದರು. ಹೆಣ್ಣುಮಕ್ಕಳಿಬ್ಬರೂ ಪಕ್ಕದಲ್ಲೇ ಕೂತು ನೋಡಿದ್ದರು. ಆ ಮನೆಯವರ ಮಟ್ಟಿಗೆ ಆ ನಕಲೇ ಅಸಲು.

ಕೊನೆಗಾಲದಲ್ಲಿ ಅಪ್ಪ ಇದ್ದದ್ದು ಟಿ. ನರಸೀಪುರದಲ್ಲಿ, ಕಿರಿಯ ಮಗಳು ರಾಣಿಯ ಮನೆಯಲ್ಲಿ. ಅವರು ಹೋದ ಮೇಲೆ ಚಿತ್ರವೂ ಅಲ್ಲೇ ಉಳಿಯಿತು.

"ಇಷ್ಟು ವರ್ಷ ನಿನ್ನ ಹತ್ರ ಇತ್ತಲ್ಲ, ಇನ್ಮೇಲೆ ನಮ್ಮನೇಲಿರ್ಲಿ ಕಣೇ" ಎಂದು ವನಜಾಕ್ಷಿ ಕೇಳಿದಾಗ ರಾಣಿ ತಕ್ಷಣ ಹೂಂ ಅನ್ನಲಿಲ್ಲ. "ದೀಪಾವಳಿ ಕಳೀಲಿ ಕಣಕ್ಕ, ಕಳಿಸ್ತೀನಿ" ಅಂದಳು.

ದೀಪಾವಳಿ ಕಳೆಯಿತು, ಸಂಕ್ರಾಂತಿಯೂ ಕಳೆಯಿತು. ಫೋನು ಮಾಡಿದಾಗೆಲ್ಲ ಏನೋ ಒಂದು ನೆಪ. ಒಮ್ಮೆಯಂತೂ ಅತ್ತ ಕಡೆ ಯಾರೋ ಹುಡುಗಿ, "ಆಂಟಿ, ನೇರಳೆ ಇನ್ನೂ ಒಣಗಿಲ್ಲ" ಅಂದದ್ದು ಸ್ಪಷ್ಟವಾಗಿ ಕೇಳಿಸಿತು.

"ಯಾರೇ ಅದು?"

"ಯಾರಿಲ್ಲ, ಪಕ್ಕದ್ಮನೆಯವ್ರು" ಎಂದು ರಾಣಿ ಮಾತು ಮರೆಸಿದಳು.

ಶಿವರಾತ್ರಿ ಆದ ಮೇಲೆ ರಾಣಿಯ ಗಂಡ ರಾಜೇಂದ್ರ ಚಿತ್ರವನ್ನು ಕಾರಿನಲ್ಲಿ ತಂದಿಟ್ಟು, ಕಾಫಿಗೂ ನಿಲ್ಲದೆ ಹೊರಟುಹೋದ. ಸುತ್ತಿದ್ದ ಬಟ್ಟೆ ಬಿಚ್ಚಿದರೆ ಚೌಕಟ್ಟು ಹೊಸದು. ಹೂಗಳು ನಿನ್ನೆ ಮೊನ್ನೆ ಬರೆದ ಹಾಗೆ ಹೊಳೆಯುತ್ತಿದ್ದವು. ವನಜಾಕ್ಷಿಗೆ ನೆನಪಿದ್ದ ಚಿತ್ರ ಹೊಗೆ ಹಿಡಿದದ್ದು, ಅದರ ಹಳದಿ ಬಯಲು ಕಂದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

ಎದುರುಮನೆಯ ಪುಟ್ಟಗೌರಮ್ಮ ಬಗ್ಗಿ ನೋಡಿ, "ಇದಾ ನಿಮ್ಮಪ್ಪಾರು ಬರ್ದಿದ್ದು? ಓಗ್ರವ್ವ, ಒಸಾದು ಇದು. ನಿಮ್ ತಂಗಿ ಅದ್ನ ಮಡಿಕ್ಕಂಡು ಇದ್ನ ಸಾಗಾಕವ್ಳೆ" ಅಂದಳು.

ವನಜಾಕ್ಷಿ ಬಾಗಿಲಿಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಥಿನ್ನರ್ ತಂದಳು. ಹಳೆಯ ಬಣ್ಣವಾದರೆ ಬಿಡುವುದಿಲ್ಲ, ಹೊಸದಾದರೆ ಬಿಡುತ್ತದೆ ಎಂದು ಅವಳ ಲೆಕ್ಕ. ಹತ್ತಿಯನ್ನು ಅದ್ದಿ ಚಿತ್ರದ ಮೂಲೆಯಲ್ಲಿ ಉಜ್ಜಿದಳು. ಹತ್ತಿ ನೇರಳೆಯಾಯಿತು. ಇನ್ನೂ ಉಜ್ಜಿದಳು. ಎರಡು ಹೂ ಕರಗಿ ಬಟ್ಟೆ ಕಂಡಿತು. ಕಳ್ಳತನ ಸಿಕ್ಕಿಬಿತ್ತು ಅಂದುಕೊಂಡಳು.

ಮರುದಿನ ಬೆಳಿಗ್ಗೆ ಚಿತ್ರವನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು, ಫೋನೂ ಮಾಡದೆ ನರಸೀಪುರದ ಬಸ್ಸು ಹತ್ತಿದಳು.

ರಾಣಿಯ ಮನೆಯ ಹಾಲಿನಲ್ಲಿ, ಹಳೆಯ ಜಾಗದಲ್ಲೇ ಚಿತ್ರ ತೂಗುತ್ತಿತ್ತು. ಅದೇ ಹೊಗೆ ಹಿಡಿದ ನೇರಳೆ, ಅದೇ ಕಂದಿದ ಬಯಲು. ಅಕ್ಕನನ್ನು ಕಂಡು ರಾಣಿಯ ಮುಖ ಬಿಳಿಚಿಕೊಂಡಿತು.

"ಬಾ ಅಕ್ಕ, ಕೂತ್ಕೊ. ಹೇಳ್ತೀನಿ."

"ಏನು ಹೇಳ್ತೀಯ? ಅಪ್ಪಂದನ್ನ ಗೋಡೆಗೆ ಹಾಕ್ಕೊಂಡು ನಂಗೆ ಹೊಸದು ಬರೆಸಿ ಕಳಿಸಿದ್ದೀಯ. ಬೇಕು ಅಂದಿದ್ರೆ ನೀನೇ ಇಟ್ಕೊ ಅಂತಿದ್ದೆ. ಮೋಸ ಯಾಕೆ ಮಾಡ್ದೆ?"

ರಾಣಿ ಗೋಡೆಯ ಚಿತ್ರವನ್ನು ಇಳಿಸಿ ತಿರುಗಿಸಿದಳು. ಹಿಂದೆ ಬೆಳ್ಳಗಿನ ಹೊಸ ಕ್ಯಾನ್ವಾಸು. ಅದರ ಮೇಲೆ ಪೆನ್ನಿನಲ್ಲಿ 'ಬಿಂದುಶ್ರೀ, ಬನ್ನೂರು' ಎಂದಿತ್ತು.

"ಇದು ನಕಲು ಕಣಕ್ಕ. ಅಪ್ಪಂದು ನಿಂಗೆ ಕೊಟ್ರೆ ಗೋಡೆ ಬೋಳಾಯ್ತದೆ ಅಂತ ಈ ಹುಡುಗಿ ಕೈಲಿ ಬರೆಸ್ದೆ. ಅವಳು ಎದುರಿಗಿದ್ದದ್ದನ್ನ ಇದ್ದಂಗೇ ಬರೆದ್ಲು, ಹೊಗೆ ಸಮೇತ. ಆಮೇಲೆ ನೋಡಿದ್ರೆ ಅಪ್ಪಂದರ ಚೌಕಟ್ಟಿಗೆ ಗೆದ್ದಲು. ಅದನ್ನ ಬಿಚ್ಚಿ, ಹೊಗೆನೆಲ್ಲ ತೆಗೆದು, ಹೊಸ ಚೌಕಟ್ಟು ಹಾಕ್ಸಿ ನಿಂಗೆ ಕಳಿಸ್ದೆ."

"ಮತ್ತೆ ಫೋನಲ್ಲಿ ಯಾಕೆ ಮುಚ್ಚಿಟ್ಟೆ?"

"ನಕಲು ಬರೆಸ್ತಾ ಇದೀನಿ ಅಂದ್ರೆ ನೀನು ಹಿಂಗೇ ಅಂದ್ಕೊತೀಯ ಅಂತ."

ವನಜಾಕ್ಷಿ ಆಗಲೂ ನಂಬಲಿಲ್ಲ. ತಾನು ತಂದ ಚಿತ್ರವನ್ನು ಮಗುಚಿ, ಹಿಂದೆ ಅಂಟಿಸಿದ್ದ ಕಾಗದವನ್ನು ಹರಿದಳು. ಒಳಗೆ ಹಳದಿಗಟ್ಟಿದ ದಪ್ಪ ಖಾದಿ. ಅಪ್ಪ ಕ್ಯಾನ್ವಾಸಿನ ಬದಲು ಬದನವಾಳಿನ ಖಾದಿ ಕೇಂದ್ರದಿಂದ ತಂದಿದ್ದ ಬಟ್ಟೆ. ಅವರು ಮೊಳೆ ಹೊಡೆಯುವಾಗ ಅದರ ಅಂಚನ್ನು ಎಳೆದು ಹಿಡಿದಿದ್ದವಳು ಅವಳೇ.

ಚಿತ್ರವನ್ನು ನೆಟ್ಟಗೆ ತಿರುಗಿಸಿದಾಗ ರಾಣಿಯ ಕಣ್ಣು ಮೂಲೆಗೆ ಹೋಯಿತು.

"ಇದೇನಕ್ಕ?"

"ಥಿನ್ನರ್ ಹಾಕಿ ನೋಡ್ದೆ."

ರಾಣಿ ಬೈಯಲಿಲ್ಲ. ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಹೂ ಅಳಿಸಿದ ಜಾಗವನ್ನು ಬೆರಳಲ್ಲಿ ಮೆಲ್ಲಗೆ ಸವರಿದಳು. "ಥಿನ್ನರ್ ಹಾಕಿ ಉಜ್ಜಿದ್ರೆ ಹಳೇ ಬಣ್ಣಾನೂ ಬಿಡ್ತದೆ ಕಣಕ್ಕ. ಒಂದು ಫೋನ್ ಮಾಡ್ಬೋದಿತ್ತಲ್ಲ" ಅಂದಳು, ಅಷ್ಟೇ.

ಊಟಕ್ಕೆ ಬಡಿಸಿದಳು. ಇಬ್ಬರೂ ತಲೆ ತಗ್ಗಿಸಿ ಉಂಡರು. ಹೊರಡುವಾಗ ವನಜಾಕ್ಷಿ ಅಪ್ಪನ ಚಿತ್ರಕ್ಕೆ ಕೈ ಹಾಕಿದಳು. ರಾಣಿ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ಇಲ್ಲಿರ್ಲಿ ಅಕ್ಕ. ನೀನು ಬಿಂದುಶ್ರೀ ಬರೆದಿದ್ದನ್ನ ತಕೊಂಡು ಹೋಗು."

"ಸರಿ ಮಾಡಿಸ್ತೀಯಾ?"

"ಮಾಡಿಸ್ತೀನಿ."

ಕಳಿಸ್ತೀನಿ ಅನ್ನಲಿಲ್ಲ. ಕೇಳುವ ಮುಖ ವನಜಾಕ್ಷಿಗೂ ಇರಲಿಲ್ಲ. ಅವಳು ನಕಲನ್ನೇ ದುಪ್ಪಟಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದಳು. ಯುಗಾದಿಗೆ ರಾಣಿ ನಂಜನಗೂಡಿಗೆ ಬಂದಳು, ಒಬ್ಬಟ್ಟು ತಂದಳು, ಎರಡು ದಿನ ಇದ್ದು ಹೋದಳು. ಚಿತ್ರದ ಮಾತನ್ನು ಇಬ್ಬರೂ ಎತ್ತಲಿಲ್ಲ.