ಚಪ್ಪಲಿಯ ಕಪ್ಪೆ

ಶಿಡ್ಲಘಟ್ಟದಲ್ಲಿ ಕೋನಪ್ಪನಿಗೆ ರೇಷ್ಮೆ ನೂಲು ಬಿಚ್ಚುವ ಮನೆಯಿತ್ತು. ಅಲ್ಲಿ ಅವನ ಅಳಿಯ ಚೆನ್ನರಾಯಪ್ಪನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ‘ಅಳಿಯದೇವ್ರು ಎದ್ರಾ? ಅಳಿಯದೇವ್ರಿಗೆ ಕಾಫಿ ಆಯ್ತಾ?’ ಎಂದು ಕೋನಪ್ಪ ಎಲ್ಲರಿಗೂ ಕೇಳುವ ಹಾಗೆ ಮಗಳನ್ನು ವಿಚಾರಿಸುತ್ತಿದ್ದ. ಅಳಿಯನ ಮುಖ ನೋಡಿ ಮಾತಾಡುತ್ತಿರಲಿಲ್ಲ. ಒಬ್ಬಳೇ ಮಗಳು ಯಶೋದಮ್ಮನನ್ನು ದೂರ ಕಳಿಸಲಾರದೆ ಸಾದಲಿಯ ಹುಡುಗನನ್ನು ಮನೆಅಳಿಯನಾಗಿ ಕರೆತಂದವನು ತಾನೇ ಎಂಬುದು ಅವನಿಗೆ ಮರೆತೇಹೋಗಿತ್ತು.

ಚೆನ್ನರಾಯಪ್ಪ ಗೂಡು ಆರಿಸುತ್ತಿದ್ದ, ಸೌದೆ ಒಡೆಯುತ್ತಿದ್ದ, ನೂಲು ತೂಗುತ್ತಿದ್ದ. ಅವನಿಗಿದ್ದ ಒಂದೇ ಸುಖವೆಂದರೆ ಭಾನುವಾರ ಕೆರೆಗೆ ಹೋಗಿ ಗಾಳ ಹಾಕುವುದು. ಅವನ ಕಣ್ಣೆಲ್ಲ ಕೊರಮೀನಿನ ಮೇಲೆ. ಹಾವಿನ ತಲೆಯ ಆ ಕಪ್ಪು ಮೀನು ಜೊಂಡಿನ ನೆರಳಲ್ಲಿ ಅಡಗಿದ್ದು, ಕುಪ್ಪಳಿಸುವ ಕಪ್ಪೆಯ ಮೇಲೆ ಎರಗುತ್ತದೆ. ಹಾಗಾಗಿ ಗಾಳಕ್ಕೆ ಜೀವಂತ ಕಪ್ಪೆಯನ್ನೇ ಸಿಕ್ಕಿಸುತ್ತಿದ್ದ. ಒಮ್ಮೆ ಜೊತೆಗೆ ಬಂದಿದ್ದ ಯಶೋದಮ್ಮ ಅದು ಕಾಲು ಬಡಿಯುವುದನ್ನು ನೋಡಿ ಮುಖ ತಿರುಗಿಸಿದಳು.

“ಮೀನು ತಿಂತೀನಿ, ಇಲ್ಲ ಅನ್ನಲ್ಲ. ಆದ್ರೆ ಇದನ್ನ ನೋಡಕ್ಕಾಗಲ್ಲ ಕಣ್ರೀ. ಬೇರೆ ಏನಾದ್ರೂ ಮಾಡಿ.”

ಅದು ಅರವತ್ತೇಳನೇ ಇಸವಿ. ಪ್ಲಾಸ್ಟಿಕ್ ಚಪ್ಪಲಿ ಊರಿಗೆ ಹೊಸದು. ಯಶೋದಮ್ಮನ ಹಸಿರು ಜೋಡು ಉಂಗುಷ್ಠ ಕಿತ್ತು ಮೂಲೆ ಸೇರಿತ್ತು. ಚೆನ್ನರಾಯಪ್ಪ ಅದರ ಪಟ್ಟಿಯನ್ನು ಹಿಂಡಿ ನೋಡಿದ. ಮೆತ್ತಗಿತ್ತು.

ಬಳಪದ ಕಲ್ಲಿನ ಎರಡು ಹೋಳು ತಂದು, ಒಂದರಲ್ಲಿ ಕಪ್ಪೆಯ ಬೆನ್ನು, ಇನ್ನೊಂದರಲ್ಲಿ ಹೊಟ್ಟೆ ಕೆತ್ತಿ ಅಚ್ಚು ಮಾಡಿದ. ಚಪ್ಪಲಿಯನ್ನು ಚೂರುಚೂರು ಮಾಡಿ, ಹರಳೆಣ್ಣೆ ಬೆರೆಸಿ, ಡಬ್ಬದಲ್ಲಿ ಹಾಕಿ ಕೆಂಡದ ಮೇಲಿಟ್ಟ. ಎದ್ದ ಹೊಗೆಗೆ, ಬೆಂದ ಹುಳುವಿನ ನಾತಕ್ಕೆ ಒಗ್ಗಿಹೋಗಿದ್ದ ನೂಲು ಬಿಚ್ಚುವ ಹೆಂಗಸರೂ ಗೂಡು ಬೇಯುವ ಬಾಣಲೆ ಬಿಟ್ಟು ಹೊರಗೆ ಓಡಿದರು.

“ಬನ್ರೋ, ನೋಡ್ರೋ!” ಕೋನಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದ. “ಅಳಿಯದೇವ್ರು ಚಪ್ಪಲಿ ಸಾರು ಮಾಡ್ತಾವ್ರೆ! ನಮ್ಮನೆ ಸಾರು ಸೇರ್ಲಿಲ್ಲ ಅಂತ ಕಾಣುತ್ತೆ!”

ಮೊದಲ ಕಪ್ಪೆ ಸೀದುಹೋಯಿತು. ಎರಡನೆಯದು ಕಲ್ಲಿಗೆ ಅಂಟಿಕೊಂಡು ಕಾಲು ಹರಿಯಿತು. ಆಮೇಲೆ ಅಚ್ಚಿಗೆ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕರಗಿಸಿ, ಹುಯ್ದ ಕೂಡಲೇ ಮೇಲೊಂದು ಗುಂಡುಕಲ್ಲು ಹೇರಿದ. ಈ ಸಲ ಕಪ್ಪೆ ಇಡಿಯಾಗಿ ಬಂತು. ಕಾಲುಗಳನ್ನು ತೆಳ್ಳಗೆ ಸೀಳಿ, ಹೊಟ್ಟೆಯೊಳಗೆ ಕೊಕ್ಕೆ ಅಡಗಿಸಿದ.

“ಅಯ್ಯಯ್ಯೋ, ನೆಗೆದುಬಿಡುತ್ತೇನೋ ಅನ್ನಿಸ್ತು!” ಯಶೋದಮ್ಮ ಅಂಗೈ ಮೇಲಿಟ್ಟುಕೊಂಡು ನಕ್ಕಳು.

ಮರುದಿನ ಕೋನಪ್ಪ ಆ ಕಪ್ಪೆಯನ್ನು ಜೇಬಿಗಿಳಿಸಿ ಗೂಡಿನ ಮಾರ್ಕೆಟ್ಟಿಗೆ ಒಯ್ದ. “ಹೆಣ್ಣು ಕೊಟ್ಟು ತಂದ ಆಸ್ತಿ ನೋಡಪ್ಪ” ಎಂದು ಜೊತೆಯ ನೂಲಿನ ವ್ಯಾಪಾರಿ ವೆಂಕಟರವಣಪ್ಪನ ಕೈಗಿಟ್ಟ.

“ಏಮಪ್ಪಾ, ಭಲೇ ಐತಲ್ಲ! ಮೀನು ಕಚ್ಚುತ್ತಾ?”

“ಮೀನು ನನ್ನ ಅಳಿಯನಷ್ಟು ಪೆದ್ದಲ್ಲ ಬಿಡು. ಭಾನುವಾರ ಬಾ, ತಮಾಷೆ ನೋಡಣ.”

ಭಾನುವಾರ ಇಬ್ಬರೂ ಕೆರೆ ಏರಿಯ ಮೇಲೆ ಕಡಲೆಕಾಯಿ ಬಿಡಿಸುತ್ತಾ ಕೂತರು. ಚೆನ್ನರಾಯಪ್ಪ ಗಾಳ ಬೀಸುವುದು, ಎಳೆಯುವುದು, ಮತ್ತೆ ಬೀಸುವುದು. ಏನೂ ಬೀಳಲಿಲ್ಲ.

“ಅಳಿಯದೇವ್ರು ಉಂಗುಷ್ಠ ಹಾಕೋದು ಮರೆತವ್ರಲ್ಲಪ್ಪ,” ಕೋನಪ್ಪ ಕೂಗಿದ. “ಇದ್ದಿದ್ರೆ ಮೀನು ಮೆಟ್ಕೊಂಡು ನಡ್ಕೊಂಡೇ ಬರ್ತಿತ್ತು!”

ಚೆನ್ನರಾಯಪ್ಪ ತಿರುಗಿ ನೋಡದೆ ಜೊಂಡಿನ ಅಂಚಿಗೆ ಬೀಸಿ, ಕಪ್ಪೆಯನ್ನು ತುಸು ಕುಣಿಸಿ ನಿಲ್ಲಿಸಿದ. ನೀರು ಸಿಡಿಯಿತು. ದಾರ ಬಿಗಿಯಿತು. ಸ್ವಲ್ಪ ಹೊತ್ತಿಗೆಲ್ಲ ತೋಳುದ್ದದ ಕೊರಮೀನು ದಡದ ಕೆಸರಲ್ಲಿ ಹೊರಳಾಡುತ್ತಿತ್ತು.

ವೆಂಕಟರವಣಪ್ಪ ಎದ್ದು ನಿಂತು ಕೇಕೆ ಹಾಕಿದ. ಕೋನಪ್ಪ ಪಂಚೆಗೆ ಅಂಟಿದ್ದ ಸಿಪ್ಪೆ ಕೊಡವಿದ.

“ಹಸಿದ ಮೀನು. ಕಲ್ಲೆಸೆದಿದ್ರೂ ನುಂಗ್ತಿತ್ತು.”

ಎಂದಾದರೂ ಒಂದು ದಿನ ಸೈ ಎನ್ನುವಂಥದ್ದು ಮಾಡಿದರೆ ಮಾವನ ಬಾಯಿ ಮುಚ್ಚೀತು ಎಂದು ಚೆನ್ನರಾಯಪ್ಪ ಇಷ್ಟು ವರ್ಷ ನಂಬಿದ್ದ. ಆ ನಂಬಿಕೆ ಕೆರೆ ದಡದಲ್ಲೇ ಸತ್ತಿತು. ವಿಚಿತ್ರವೆಂದರೆ, ಅವನಿಗೆ ಹಗುರವೆನಿಸಿತು.

ಸಂಜೆ ಊಟಕ್ಕೆ ಕೂತ ಕೋನಪ್ಪ ಮೀನಿನ ದೊಡ್ಡ ತುಂಡನ್ನೇ ಎತ್ತಿಕೊಂಡು ಮತ್ತೆ ಶುರು ಮಾಡಿದ. “ಗಂಡಸು ಅಂದ್ಮೇಲೆ ಕೆರೆ ಕಾಯ್ತಾ ಕೂರೋದಾ...”

ಯಶೋದಮ್ಮ ಸಾರಿನ ಸೌಟು ಕೆಳಗಿಟ್ಟಳು. “ಅಪ್ಪಾ, ಬಯ್ಯೋದಾದ್ರೆ ತಿನ್ಬೇಡ. ತಿನ್ನೋದಾದ್ರೆ ಬಯ್ಬೇಡ.”

ಕೋನಪ್ಪನ ಕೈ ಬಾಯಿಯ ಹತ್ತಿರ ನಿಂತಿತು. ಮಗಳನ್ನು ನೋಡಿದ, ತುಂಡನ್ನು ನೋಡಿದ. ಆಮೇಲೆ ಮುದ್ದೆಯ ಕೊನೆಯ ತುತ್ತಿನವರೆಗೂ ಉಸಿರೆತ್ತದೆ ತಿಂದ. ಕೈ ತೊಳೆಯುವಾಗ ಮಾತ್ರ, “ಉಪ್ಪು ಕಮ್ಮಿ” ಎಂದ.

ಆ ವಾರ ವೆಂಕಟರವಣಪ್ಪ ತನಗೂ ಒಂದು ಕಪ್ಪೆ ಬೇಕೆಂದು ಮನೆಗೆ ಬಂದಾಗ, “ನಿಮ್ಮಪ್ಪ ಮಾರ್ಕೆಟ್ಟಲ್ಲೆಲ್ಲ ಹೇಳ್ಕೊಂಡು ತಿರುಗ್ತಾವ್ನೆ ಕಣಮ್ಮಾ, ‘ಉಪಾಯ ನಂದೇ, ನಾನೇ ಹೇಳಿ ಮಾಡಿಸ್ದೆ’ ಅಂತ” ಎಂದ.

ಯಶೋದಮ್ಮನಿಗೆ ಸಿಟ್ಟೂ ಬರಲಿಲ್ಲ. ಅಪ್ಪ ತೀರಾ ಸಣ್ಣವನಾಗಿ ಕಂಡ. ಗಂಡನ ಹತ್ತಿರ ಹೋಗಿ, “ಸಾದಲಿಗೆ ಹೋಗಣ ಕಣ್ರೀ. ನಿಮ್ಮೂರಲ್ಲೇ ಹುಳ ಸಾಕಣ” ಎಂದಳು.

ಹೊರಟ ದಿನ ಕೋನಪ್ಪ ಜಗುಲಿಯ ಮೇಲೆ ನಿಂತು ಬೀದಿಯವರಿಗೆ ಹೇಳುತ್ತಿದ್ದ: “ನೋಡ್ತಾ ಇರಿ, ಹೊಟ್ಟೆ ಹಸಿದ್ರೆ ವಾಪಸ್ ಬರ್ತಾರೆ!”

ಯಶೋದಮ್ಮ ಆ ಕಡೆ ತಲೆ ಎತ್ತಲೂ ಇಲ್ಲ. ಟ್ರಂಕಿಗೆ ಹಗ್ಗ ಬಿಗಿಯಾಗಿ ಕಟ್ಟಿದೆಯೇ ಎಂದು ಜಟಕಾದವನನ್ನು ಕೇಳುತ್ತಿದ್ದಳು.