ಮಾದಿಯ ತಳ್ಳುಗಾಡಿಗೆ ನಾನು ಕೊಟ್ಟ ಮೂರು ಸಲಹೆ

ಮಡಿಕೇರಿಯ ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ಮೇಲೆ, ಇನ್ನು ಯಾರ ತಪ್ಪು ತಿದ್ದುವುದು ಎಂದು ತೋಚದೆ ಮನೆಯಲ್ಲಿ ಒದ್ದಾಡುತ್ತಿದ್ದೆ. ಆಗ ಒಂದು ಸಂಸ್ಥೆಯವರು ಕರೆದು ಕೆಲಸ ಕೊಟ್ಟರು. ಖಾಸಗಿ ವಲಯವನ್ನು ಬೆಳೆಸಿ ಬಡತನ ಕಡಿಮೆ ಮಾಡುವುದು ಹೇಗೆ ಎಂದು ಸಲಹೆ ಕೊಡುವ ಕೆಲಸ. ಸಲಹೆಗೂ ಸಂಬಳ ಕೊಡುತ್ತಾರೆಂದು ಗೊತ್ತಾದಾಗ ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ಗಂಡನಿಗೂ ನಾದಿನಿಯರಿಗೂ ಪುಕ್ಕಟೆ ಹಂಚಿದ್ದೆನಲ್ಲ!

ನನ್ನ ಪಾಲಿಗೆ ಬಂದ ಖಾಸಗಿ ವಲಯದ ಹೆಸರು ಮಾದಿ. ಪಾಲಿಬೆಟ್ಟದ ಒಂದು ಎಸ್ಟೇಟಿನ ಕೂಲಿಗಳ ಲೈನ್‌ಮನೆಯಲ್ಲಿದ್ದಳು. ಇಪ್ಪತ್ತೈದು ವರ್ಷ ಕಾಫಿ ಪಿಕ್ಕಿಂಗ್ ಮಾಡಿ ಮಂಡಿ ಕೈಕೊಟ್ಟಿತ್ತು. ಆದರೆ ಅವಳ ಅಕ್ಕಿರೊಟ್ಟಿ ಮತ್ತು ಒಣಸೀಗಡಿ ಚಟ್ನಿಗೆ ಸುತ್ತಲಿನ ತೋಟಗಳಲ್ಲೆಲ್ಲ ಹೆಸರಿತ್ತು. ಸಂಸ್ಥೆ ಅವಳಿಗೊಂದು ತಳ್ಳುಗಾಡಿ ಕೊಟ್ಟಿತು. ಮೂರು ತಿಂಗಳಲ್ಲಿ ಲಾಭ ತೋರಿಸಬೇಕು, ಇಲ್ಲವಾದರೆ ಗಾಡಿ ವಾಪಸು ಎಂಬುದು ಷರತ್ತು.

"ಗಾಡಿ ಹೋದ್ರೆ ನಾನು ಪುನಃ ತೋಟ ಹತ್ಬೇಕು ಮೇಡಂ. ಈ ಮಂಡೀಲಿ ಹತ್ತಿದ್ರೆ ಇಳಿಸೋಕೆ ನಾಲ್ಕು ಜನ ಬೇಕಾಗ್ತದೆ" ಎಂದಳು ಮಾದಿ.

"ನಾನಿರುವಾಗ ಗಾಡಿ ಹೇಗೆ ಹೋಗುತ್ತದೆ?" ಎಂದೆ. ಆಗ ನನಗೆ ನನ್ನ ಮೇಲೆ ಅಷ್ಟು ನಂಬಿಕೆಯಿತ್ತು.

ಎರಡು ವಾರ ಬಿಟ್ಟು ನೋಡಲು ಹೋದೆ. ಗಾಡಿಯ ಸುತ್ತ ಜನ ಮುತ್ತಿಕೊಂಡಿದ್ದರು. ಅರ್ಚಕರ ಮನೆಯಲ್ಲಿ ಹುಟ್ಟಿದ ನನ್ನ ಮೂಗು ಸೀಗಡಿಯ ವಾಸನೆಗೆ ಹೆದರಿದ್ದರಿಂದ, ಗಾಳಿ ಬರುವ ಕಡೆ ಹೋಗಿ ನಿಂತೆ. ಒಂಬತ್ತು ಗಂಟೆಗೆಲ್ಲ ರೊಟ್ಟಿ ಖಾಲಿ. ಸಂತೋಷದಿಂದ ದುಡ್ಡಿನ ಡಬ್ಬಿ ತೆರೆದರೆ ಒಳಗೆ ಒಂದು ಅಂಗಿಯ ಗುಂಡಿ ಮತ್ತು ಎರಡು ಏಲಕ್ಕಿ ಇದ್ದವು.

"ದುಡ್ಡೆಲ್ಲಿ ಮಾದಿ?"

"ಯಾರ ಹತ್ರ ತಗೊಳ್ಳೋದು ಮೇಡಂ? ಎಲ್ಲ ನಮ್ಮೋರೇ."

ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಆಮೇಲೆ ಅವಳು ವಿವರಿಸಿದಳು. ಲೈನ್‌ನಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎರಡು ಮನೆಗೆ ಒಂದೇ ಗೋಡೆ. ಒಂದು ಗೋಡೆಯ ಈಚೆ ಆಚೆ ಬಾಳಿದವರು ನೆಂಟರು. ಭಾಷೆ ಬೇರೆಯಾದರೂ ಸರಿ, ದೇವರು ಬೇರೆಯಾದರೂ ಸರಿ. ಮಾದಿ ಈವರೆಗೆ ಹನ್ನೊಂದು ಎಸ್ಟೇಟಿನಲ್ಲಿ ಕೆಲಸ ಮಾಡಿದ್ದಳು. ಗೋಡೆಯ ನೆಂಟರು, ಆ ನೆಂಟರ ಇನ್ನೊಂದು ಗೋಡೆಯ ನೆಂಟರು ಎಂದು ಹಿಡಿದರೆ ಪಾಲಿಬೆಟ್ಟದಲ್ಲಿ ಉಳಿಯುವವರು ತೋಟದ ಮಾಲೀಕರು ಮಾತ್ರ. ಅವರು ತಳ್ಳುಗಾಡಿಯ ಹತ್ತಿರ ಬರುವುದಿಲ್ಲ.

ನನ್ನ ಮೊದಲ ಸಲಹೆ: ಮಾರುಕಟ್ಟೆ ಬದಲಿಸು. ಗಾಡಿಯನ್ನು ಸಿದ್ದಾಪುರದ ಬಸ್ ನಿಲ್ದಾಣಕ್ಕೆ ಸಾಗಿಸಿದೆವು. ವಿರಾಜಪೇಟೆ ಬಸ್ಸಿಗೆ ಕಾಯುವ ಅಪರಿಚಿತರು ಬೇಕಾದಷ್ಟಿದ್ದರು. ಮಾದಿ ಮೊದಲ ಗಿರಾಕಿಗೆ ರೊಟ್ಟಿ ಕೊಡುತ್ತಾ ಕೇಳಿದಳು: "ಯಾವ ಎಸ್ಟೇಟು? ಯಾವ ಲೈನು? ಗೋಡೆ ಆಚೆ ಯಾರಿದ್ರು?" ಮೂರನೆಯ ಉತ್ತರಕ್ಕೆ ಅವನು ಅವಳ ಅಳಿಯನಾದ. ಮಧ್ಯಾಹ್ನದೊಳಗೆ ಬಸ್ಸಿನ ಕಂಡಕ್ಟರೂ ತಮ್ಮನಾಗಿದ್ದ. ಅವನು ಮಲಯಾಳದಲ್ಲಿ ಮಾತಾಡುತ್ತಿದ್ದ, ಇವಳು ಕನ್ನಡದಲ್ಲಿ ಅಳುತ್ತಿದ್ದಳು. ಸತ್ತುಹೋದ ಯಾವುದೋ ಅಜ್ಜಿ ಇಬ್ಬರಿಗೂ ಬೇಕಾದವಳಾಗಿದ್ದಳಂತೆ. ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು.

ಎರಡನೆಯ ಸಲಹೆಯನ್ನು ಹಲ್ಲು ಕಚ್ಚಿಕೊಂಡು ಕೊಟ್ಟೆ. "ಗಿರಾಕಿಗಳ ಹತ್ತಿರ ಬಾಯೇ ತೆರೆಯಬೇಡ."

ಪಾಪ, ಮಾದಿ ಹೇಳಿದಂತೆ ಕೇಳಿದಳು. ಬಾಯಿಗೆ ಟವೆಲು ಸುತ್ತಿಕೊಂಡು ನಿಂತಳು. ಗಂಟಲು ಹೋಗಿದೆ ಎಂದು ಸುದ್ದಿ ಹಬ್ಬಿತು. ನೋಡಲು ಬಂದವರ ಸಾಲು ರಸ್ತೆಯವರೆಗೆ ಬೆಳೆಯಿತು. ಕಷಾಯ ಬಂತು, ಕರಿಮೆಣಸು ಬಂತು, ಕಾಡುಜೇನು ಬಂತು. ಚಿನ್ನಿ ಎಂಬ ಹೆಂಗಸು ಪಕ್ಕದಲ್ಲೇ ಕೂತು ಮಾದಿಯ ಪರವಾಗಿ ಆ ಮೂರು ಪ್ರಶ್ನೆ ಕೇಳತೊಡಗಿದಳು. ಮಾದಿಗಿಂತ ಚಿನ್ನಿಯ ನೆನಪು ಚೂಟಿ. ಮಾದಿಗೇ ಗೊತ್ತಿರದಿದ್ದ ನೆಂಟರೂ ಸಿಕ್ಕಿಬಿಟ್ಟರು.

ಮೂರನೆಯ ಸಲಹೆ ಕೊಡುವಾಗ ನನಗೆ ಗಡುವಿನ ಚಿಂತೆ ಹತ್ತಿತ್ತು. ಜಿಲ್ಲೆಯ ಇನ್ನೊಂದು ತುದಿ, ಶಿರಂಗಾಲ. ಅಲ್ಲಿ ಕಾಫಿ ತೋಟವಿಲ್ಲ, ಲೈನ್ ಇಲ್ಲ, ಗೋಡೆ ಇಲ್ಲ. ಬಯಲು, ಶುಂಠಿ ಹೊಲ, ಬೇರೆಯೇ ಜನ. "ಒಂದು ತಿಂಗಳು ಅಲ್ಲಿ ಮಾರು. ಒಬ್ಬನೇ ಒಬ್ಬ ನೆಂಟ ಸಿಕ್ಕರೆ ನನ್ನ ಹೆಸರು ತುಂಗಾ ಅಲ್ಲ" ಎಂದೆ.

ತಿಂಗಳು ಮುಗಿಸಿ ಗಾಡಿ ಸಮೇತ ಸಿದ್ದಾಪುರಕ್ಕೆ ಬಂದವಳ ಮುಖ ಹೂವಿನಂತೆ ಅರಳಿತ್ತು. ನಾನು ಡಬ್ಬಿಗೆ ಕೈ ಹಾಕಿದೆ. ಅದರಲ್ಲಿ ಅರಿಶಿನ ಕುಂಕುಮ ಇತ್ತು.

"ನಮ್ಮ ಚಿಕ್ಕನಿಗೆ ಹೆಣ್ಣು ಗೊತ್ತು ಮಾಡ್ದೆ ಮೇಡಂ! ಪವಿತ್ರಾ ಅಂತ, ಹುಡುಗಿ ಚಿನ್ನ. ಈಗ ಊರಿಗೂರೇ ನಮ್ಗೆ ಬೀಗ್ರು. ಬೀಗ್ರ ಹತ್ರ ರೊಟ್ಟಿಗೆ ದುಡ್ಡು ಕೇಳಿದ್ರೆ ಹೆಣ್ಣು ಕೊಡ್ತಾರಾ, ನೀವೇ ಹೇಳಿ?"

ಚಿಕ್ಕ ಅವಳ ಅಣ್ಣನ ಮಗ. ನನಗೆ ಮೈಯೆಲ್ಲ ಉರಿಯಿತು. ಆದರೆ ಹುಡುಗಿಯ ಫೋಟೋ ನೋಡಿದೆ, ಒಳ್ಳೆಯ ಜೋಡಿ ಎಂದು ಹೇಳಿಯೂಬಿಟ್ಟೆ.

ಪರಿಶೀಲನೆಯ ದಿನ ಮೈಸೂರಿನ ಕಚೇರಿಯಿಂದ ಸಿದ್ಧಾರ್ಥ ಬಂದ. ಇನ್ನೂ ಮೂವತ್ತು ತುಂಬದವನು, ಕೈಯಲ್ಲಿ ಟ್ಯಾಬು. ಸಿದ್ದಾಪುರದ ಬಸ್ ನಿಲ್ದಾಣದಲ್ಲಿ ಗಾಡಿಯ ಮುಂದೆ ನಿಂತು ಆದಾಯ ಎಷ್ಟು ಎಂದು ಕೇಳಿದ. ಸೊನ್ನೆ ಎಂದೆ. ಖರ್ಚು ಎಷ್ಟು ಎಂದ.

"ಖರ್ಚು ಎಂತದು?" ಎಂದಳು ಮಾದಿ. "ಅಕ್ಕಿ ಶಿರಂಗಾಲದ ಬೀಗ್ರು ಕಳಿಸ್ತಾರೆ. ಸೀಗಡಿ ಕಂಡಕ್ಟರ್ ತಮ್ಮ ತರ್ತಾನೆ. ಸೌದೆ ಚಿನ್ನಿದು. ಮನೆ ಗ್ಯಾಸು, ಕರೆಂಟ್ ಬಿಲ್ಲು ಚಿಕ್ಕನೇ ನೋಡ್ತಾನೆ. ಮಂಡಿ ಮಾತ್ರೆ ಮೆಡಿಕಲ್ ಶಾಪಿನ ಭಾವಂದು."

ಎರಡೂ ಕಡೆ ಸೊನ್ನೆ ಹಾಕಿದರೆ ಟ್ಯಾಬಿನ ಫಾರಂ ಮುಂದಕ್ಕೇ ಹೋಗಲಿಲ್ಲ. ಸಿದ್ಧಾರ್ಥ ಮೂರು ಸಲ ಒತ್ತಿ ನೋಡಿ, ಸುಸ್ತಾಗಿ ಒಂದು ರೊಟ್ಟಿ ಕೇಳಿದ. ನನಗೆ ಆಸೆ ಹುಟ್ಟಿತು. ಇವನಾದರೂ ಹೊರಗಿನವನು. ಇವನೊಬ್ಬ ದುಡ್ಡು ಕೊಟ್ಟರೆ ಒಂದು ಮಾರಾಟವಾದರೂ ಆದಂತೆ, ಇನ್ನೊಂದು ತಿಂಗಳು ಗಡುವು ಕೇಳಬಹುದು.

ಮಾದಿ ತನ್ನ ಪ್ರಶ್ನೆಗಳನ್ನು ಕೇಳಿದಳು. ಯಾವ ಎಸ್ಟೇಟೂ ಅಲ್ಲ ಎಂದ. ಅಪ್ಪನಿಗೆ ವರ್ಷ ವರ್ಷ ವರ್ಗವಾಗುತ್ತಿತ್ತು, ಯಾವ ಊರೂ ಅಲ್ಲ ಎಂದ. ಈಗ ಒಂದು ಫ್ಲ್ಯಾಟಿನಲ್ಲಿದ್ದೇನೆ ಎಂದ.

"ಗೋಡೆ ಆಚೆ ಯಾರಿದ್ದಾರೆ?"

"ಗೊತ್ತಿಲ್ಲ."

"ಎಷ್ಟು ವರ್ಷ ಆಯ್ತು ಅಲ್ಲಿ?"

"ನಾಲ್ಕು."

ಚಿನ್ನಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಸಿದ್ಧಾರ್ಥ ಐವತ್ತರ ನೋಟು ಚಾಚಿದ. ತಗೋ ಮಾದಿ, ತಗೋ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ಮಾದಿ ನೋಟನ್ನು ಮಡಚಿ ಅವನ ಜೇಬಿಗೇ ಇಟ್ಟಳು. "ಬೇಡ ಮಗಾ. ಯಾರೂ ಇಲ್ದೋರ ಹತ್ರ ದುಡ್ಡು ತಗೊಂಡ್ರೆ ದೇವ್ರು ಮೆಚ್ತಾನಾ?" ಎಂದು ಇನ್ನೆರಡು ರೊಟ್ಟಿ ಹಾಕಿದಳು.

ಅವನು ತಲೆ ಬಗ್ಗಿಸಿ ತಿಂದ. ಕಣ್ಣು ಒದ್ದೆಯಾಗಿತ್ತು, ಚಟ್ನಿ ಖಾರವೂ ಇತ್ತು. ಆದರೆ ಕೈ ತೊಳೆದ ಮೇಲೆ ನಿಯಮ ನಿಯಮವೇ ಆಯಿತು. "ಸಾರಿ ಮೇಡಂ, ಗಾಡಿ ಇವತ್ತೇ ಮಡಿಕೇರಿ ಗೋದಾಮಿಗೆ ಹೋಗಬೇಕು" ಎಂದ. ಮಾದಿ ಬಗ್ಗಿ ಮಂಡಿ ಹಿಡಿದುಕೊಂಡಳು. ನನಗೆ ನನ್ನ ಮೂರೂ ಸಲಹೆ ನೆನಪಾದವು.

ಸಿದ್ಧಾರ್ಥ ನಿಲ್ದಾಣದ ಪಕ್ಕದ ಪಿಕಪ್ ಗಾಡಿಗಳ ಹತ್ತಿರ ಹೋದ. ಮೊದಲನೆಯ ಗಾಡಿಯ ಡ್ರೈವರ್ ಪುನೀತ್, "ದೊಡ್ಡಮ್ಮನ ಗಾಡಿ ನಾನು ಎತ್ತೋದಾ? ಮನೇಲಿ ಊಟ ಹಾಕಲ್ಲ ಸಾರ್" ಎಂದ. ಎರಡನೆಯವನು ಅಳಿಯ, ಮೂರನೆಯವನು ಭಾವ. ಸಿದ್ಧಾರ್ಥ ಬಾಡಿಗೆ ಎರಡರಷ್ಟು ಕೊಡುತ್ತೇನೆ ಎಂದ, ಮೂರರಷ್ಟು ಎಂದ. ಎಲ್ಲರೂ ಎಂಜಿನ್ ಆಫ್ ಮಾಡಿ ಕೂತುಬಿಟ್ಟರು. ಬೆಲೆ ಏರಿದರೆ ಪೂರೈಕೆಯೂ ಏರುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದವಳು ನಾನು. ಸಿದ್ದಾಪುರದಲ್ಲಿ ಆ ಗೆರೆ ಮಲಗಿಬಿಟ್ಟಿತ್ತು.

ಕೊನೆಗೆ ಅವನು ಬೆವರು ಒರೆಸಿಕೊಳ್ಳುತ್ತಾ ಬಂದು ಗಾಡಿಯ ಒಂದು ಹಿಡಿ ಹಿಡಿದ. "ನೀವು ಆ ಕಡೆ ಹಿಡೀರಿ ಮೇಡಂ. ಪೊಲೀಸ್ ಸ್ಟೇಷನ್‌ವರೆಗಾದ್ರೂ ತಳ್ಳಿ ಅಲ್ಲಿ ಒಪ್ಪಿಸೋಣ. ನೀವು ಸಂಸ್ಥೆಯವರಲ್ವಾ?"

ಎಲ್ಲರೂ ನನ್ನನ್ನೇ ನೋಡಿದರು. ಮಾದಿ ಮಾತ್ರ ನೆಲ ನೋಡುತ್ತಿದ್ದಳು.

"ಆಗುವುದಿಲ್ಲ" ಎಂದೆ.

"ಯಾಕೆ?"

"ಅವಳು ನನಗೆ ತಂಗಿಯಾಗಬೇಕು."

"ನಿಮಗೆ? ಅದು ಹೇಗೆ ಮೇಡಂ?"

ನಾನು ತೊದಲುವಷ್ಟರಲ್ಲಿ ಚಿನ್ನಿ ಎದ್ದು ನಿಂತಳು. "ಮೇಡಂ ಮನೆ ಗೋಡೆ ಆಚೆ ಇರೋ ಪೋಸ್ಟ್‌ಮ್ಯಾನ್ ಅನಂತಕೃಷ್ಣನ ಮನೇಲಿ ಪಾತ್ರೆ ತೊಳೆಯೋದು ನಮ್ಮ ಮಾಲತಿ. ಮಾಲತಿ ಮಾದಿಗೆ ಗೋಡೆ ತಂಗಿ. ಇದ್ಯಾಕೆ ಇಷ್ಟು ದಿನ ಯಾರೂ ನೋಡ್ಲಿಲ್ಲ?"

ಸಿದ್ಧಾರ್ಥ ಗಾಡಿಯ ಹಿಡಿ ಬಿಟ್ಟ. ಟ್ಯಾಬಿನಲ್ಲಿ "ಗಾಡಿ ಸಾಗಿಸಲು ಖಾಸಗಿ ವಲಯದಲ್ಲಿ ಯಾರೂ ದೊರೆಯಲಿಲ್ಲ" ಎಂದು ಬರೆದು ಬಸ್ಸು ಹತ್ತಿದ. ಅದು ಹೇಗೋ ಫಾರಂ ಮುಂದಕ್ಕೆ ಹೋಯಿತು. ಕಂಡಕ್ಟರ್ ಅವನ ಹತ್ತಿರ ಟಿಕೆಟ್ಟಿನ ದುಡ್ಡು ತೆಗೆದುಕೊಳ್ಳಲಿಲ್ಲ.

ಸಂಸ್ಥೆ ನನ್ನನ್ನು ಕೆಲಸದಿಂದ ತೆಗೆಯಿತು. ಮಾದಿಯ ಗಾಡಿ ಅಲ್ಲೇ ಇದೆ. ವಾರಕ್ಕೆರಡು ಸಲ ಹೋಗಿ ರೊಟ್ಟಿ ತಿಂದು, ಸಲಹೆ ಕೊಟ್ಟು ಬರುತ್ತೇನೆ. ಈಗ ಅಲ್ಲಿ ಬೇರೆ ಬೇರೆ ಗಾಡಿಯವರೂ ನನ್ನ ಸಲಹೆ ಕೇಳಲು ಬರುತ್ತಾರೆ. ದುಡ್ಡು ಮಾತ್ರ ಯಾರೂ ಕೊಡುವುದಿಲ್ಲ. ಕೇಳಿದರೆ, "ನಿಮ್ಗೆಂತ ದುಡ್ಡು ಅಕ್ಕ, ನೀವು ನಮ್ಮೋರಲ್ವಾ?" ಎನ್ನುತ್ತಾರೆ.